ದುಃಖಾಂತ ಬ್ಯಾಲೆಗೆ ನನ್ನನ್ನು ತಯಾರು ಮಾಡಿದವರಿಗೆ

ಶ್ರೀ ರುದ್ರಮೂರ್ತಿಯವರಿಗೆ,
ಅಧ್ಯಕ್ಷರು, ಹೊಸ ಪ್ರೇಕ್ಷಕರ ಮಾರ್ಗದರ್ಶನ ಉಪಸಮಿತಿ,
ಕಡೂರು, ತರೀಕೆರೆ ಮತ್ತು ಅಜ್ಜಂಪುರ ಬ್ಯಾಲೆ ಉತ್ಸವ.

ಮಾನ್ಯರೇ,

ತಮಗೂ, ತಮ್ಮ ಉಪಸಮಿತಿಯ ಸಮಸ್ತ ಸದಸ್ಯರಿಗೂ, ಮೂರು ಊರುಗಳಲ್ಲಿಯೂ ತಮ್ಮ ಕೈಬಿಡದೆ ದುಡಿದ ತಮ್ಮ ಮೈಕಿಗೂ ಕಡೂರಿನ ವಿಶಾಲಾಕ್ಷಮ್ಮನ ಗೌರವಪೂರ್ವಕ ನಮಸ್ಕಾರಗಳು. ಉತ್ಸವದ ದಣಿವು ಆರಿ, ಮಾತಾಡಿ ಮಾತಾಡಿ ಕಟ್ಟಿದ್ದ ಗಂಟಲು ಬಿಟ್ಟು, ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಪ್ರೇಕ್ಷಕರು ತಮ್ಮ ಅನಿಸಿಕೆಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂದು ತಾವೇ ಕೈಪಿಡಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿರುವುದರಿಂದ, ಮನೆಗೆ ಬಂದು ಹೇಳಬಹುದಾಗಿದ್ದ ಮಾತನ್ನು ಹೀಗೆ ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುವ ಧೈರ್ಯ ಮಾಡಿದ್ದೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ರಾತ್ರಿ ಮಲಗುವ ಮುಂಚೆ ದಿನದ ಸಂಗತಿಯನ್ನು ಎರಡು ಸಾಲು ಬರೆದಿಡುವುದು ಬಿಟ್ಟರೆ ಬರವಣಿಗೆಯ ಅಭ್ಯಾಸ ಇಲ್ಲ. ತಪ್ಪಿದ್ದರೆ ತಿದ್ದಿಕೊಳ್ಳುವುದು, ತಿದ್ದುವುದರಲ್ಲಿ ತಮಗಿರುವ ಆಸಕ್ತಿ ಮೂರು ತಾಲ್ಲೂಕಿಗೂ ಗೊತ್ತಿರುವ ವಿಷಯ.

ಮೊದಲಿಗೆ, ನನ್ನಂಥವಳು ಬ್ಯಾಲೆ ನೋಡಲು ಯಾಕೆ ಹೊರಟೆ ಎಂಬುದನ್ನು ಅರಿಕೆ ಮಾಡಿಕೊಳ್ಳಬೇಕು. ನಮ್ಮ ಯಜಮಾನರು, ಕೊಬ್ಬರಿ ವ್ಯಾಪಾರದ ಬಸವರಾಜಪ್ಪನವರು, ಹೋದ ಕಾರ್ತೀಕದಲ್ಲಿ ಅಂಗಡಿಯಲ್ಲಿ ಕೂತವರು ಕೂತಂತೆಯೇ ತೀರಿಕೊಂಡರು. ಅವರು ಹೋದದ್ದಕ್ಕೆ ನಾನು ಅಳಬೇಕಾಗಿತ್ತು. ಅದೊಂದು ಕೆಲಸ ಬಾಕಿ ಉಳಿದುಬಿಟ್ಟಿತ್ತು. ನಮ್ಮ ಕಡೆ ಸಾವಿನ ಮನೆಗೆ ಮಾತಾಡಿಸಲು ಬರುವ ಪದ್ಧತಿ ತಮಗೆ ತಿಳಿದದ್ದೇ. ಬಂದವರು ಬಾಗಿಲಲ್ಲೇ ಸೆರಗು ಬಾಯಿಗೊತ್ತಿಕೊಂಡು ಅಳುತ್ತಾರೆ, ನಾವು ಕೈಹಿಡಿದು ಕೂರಿಸಿ ನೀರು ಕೊಟ್ಟು ಸಮಾಧಾನ ಮಾಡಬೇಕು, ಅವರು ಅತ್ತು ಹಗುರಾದ ಮೇಲೆ ಮೂಗು ಒರೆಸಿಕೊಂಡು, "ನೀನ್ ಮಾತ್ರ ಅಳಬ್ಯಾಡ ಕಣೇ ವಿಶಾಲು, ಅತ್ರೆ ಹೋದೋರು ಬತ್ತಾರಾ" ಎಂದು ಬುದ್ಧಿ ಹೇಳಿ ಹೋಗುತ್ತಾರೆ. ಪಕ್ಕದ ಮನೆಯ ಕಾಂತಮ್ಮನಂತೂ, "ನೀನು ಕಣ್ಣಲ್ಲಿ ನೀರು ಹಾಕಿದ್ರೆ ನಂಗೆ ಬೀಪಿ ಏರ್ತದೆ, ಆಮೇಲೆ ಆಸ್ಪತ್ರೆಗೆ ನೀನೇ ಕರ್ಕಂಡ್ ಹೋಗ್ಬೇಕಾಯ್ತದೆ ನೋಡು" ಎಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಒಬ್ಬರ ಪ್ರಾಣ ಹೋಗಿದ್ದ ಮನೆಯಲ್ಲಿ ಇನ್ನೊಬ್ಬರ ಬೀಪಿ ಏರಿಸುವುದು ಬೇಡವೆಂದು ನಾನು ಸುಮ್ಮನಿದ್ದೆ.

ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಪ್ರಯತ್ನಪಟ್ಟಾಗ ನಮ್ಮ ಜೊತೆಯಲ್ಲೇ ಇರುವ ನಾದಿನಿ ಕೋಮಲಾ ಬಾಗಿಲು ಬಡಿದು, "ಅತ್ತಿಗೆ, ಟ್ಯಾಂಕು ಖಾಲಿಯಾಗ್ತೈತೆ, ಏನ್ ಮಾಡ್ತಿದ್ದೀರ ಒಳಗೆ" ಎಂದಳು. ಹಿತ್ತಿಲಿಗೆ ಹೋದರೆ ಗೋಡೆಯ ಮೇಲೆ ಕಾಂತಮ್ಮನ ತಲೆ ಕಾಣುತ್ತಿತ್ತು. ಒಂದು ದಿನ ಪಂಚನಹಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಗುರುತಿನವರು ಯಾರೂ ಇಲ್ಲವೆಂದು ಕಿಟಕಿಗೆ ಮುಖ ಮಾಡಿ ಶುರುಮಾಡಿದೆ, ಕಂಡಕ್ಟರು ಅದನ್ನು ಕಂಡು, "ಯಾಕಮ್ಮ, ಪರ್ಸ್ ಹೋಯ್ತಾ" ಎಂದು ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ನಿಲ್ಲಿಸಿ, ಎಲ್ಲರ ಕಾಲಡಿ ಹುಡುಕಿಸಿದರು. ಪರ್ಸು ಸಿಗಲಿಲ್ಲ, ನಾನು ಕಳೆದುಕೊಂಡಿರಲೂ ಇಲ್ಲ. ಯಾರದೋ ಒಂದು ಕಾಲುಂಗುರ ಸಿಕ್ಕಿತು. ಅದನ್ನೇ ನನ್ನ ಅಂಗೈಗಿಟ್ಟು, "ತಗೊಳ್ಳಮ್ಮ, ಇಷ್ಟಕ್ಕೆಲ್ಲ ಅಳ್ತಾರಾ" ಎಂದು ರೈಟ್ ಹೇಳಿದರು. ಕಡೂರಿನಲ್ಲಿ ಬಸ್ ನಿಲ್ದಾಣವಿದೆ, ರೈಲು ನಿಲ್ದಾಣವಿದೆ, ಆಸ್ಪತ್ರೆ, ಕಲ್ಯಾಣಮಂಟಪ ಎಲ್ಲವೂ ಇವೆ, ಒಬ್ಬ ಹೆಂಗಸು ಯಾರಿಗೂ ಲೆಕ್ಕ ಕೊಡದೆ ಅರ್ಧ ಗಂಟೆ ಅಳುವುದಕ್ಕೆ ಒಂದು ಜಾಗವಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬಂತು.

ಇಂಥ ಹೊತ್ತಿನಲ್ಲಿ ತಮ್ಮ ಕೈಪಿಡಿ ನನ್ನ ಕೈಗೆ ಬಂದದ್ದು ದೈವಸಂಕಲ್ಪವೇ ಇರಬೇಕು. 'ಬ್ಯಾಲೆ: ಮೊದಲು ಯಾವುದು, ಆಮೇಲೆ ಯಾವುದು' ಎಂಬ ಹೆಸರಿನ ಆ ಪುಸ್ತಿಕೆಯನ್ನು ಬಸ್ ನಿಲ್ದಾಣದಲ್ಲಿ ಹಂಚುತ್ತಿದ್ದರು. ಅದರಲ್ಲಿ ತಾವು, ಬ್ಯಾಲೆಯಲ್ಲಿ ಮಾತಿರುವುದಿಲ್ಲವೆಂದೂ, ಇದರಿಂದ ಪ್ರೇಕ್ಷಕರು ಗಾಬರಿಯಾಗಬಾರದೆಂದೂ, ಕಲಾವಿದೆಯರು ಕಾಲ್ಬೆರಳ ತುದಿಯಲ್ಲಿ ನಿಲ್ಲುವುದು ಎತ್ತರ ಸಾಲದೆ ಅಲ್ಲವೆಂದೂ ಬಹಳ ಚೆನ್ನಾಗಿ ವಿವರಿಸಿದ್ದೀರಿ. ಅಜ್ಜಂಪುರದಲ್ಲಿ 'ಕೋಡಂಗಿಯ ಮದುವೆ', ತರೀಕೆರೆಯಲ್ಲಿ 'ಹೂವಾದ ರಾಜಕುಮಾರಿ', ಕಡೂರಿನಲ್ಲಿ 'ಹೊಳೆದಡದ ಹೆಂಗಸು' ಎಂದು ಮೂರು ಶನಿವಾರದ ಮೂರು ಬ್ಯಾಲೆಗಳನ್ನು ಹೇಳಿ, ಕೊನೆಯದರ ಕೆಳಗೆ ದಪ್ಪಕ್ಷರದಲ್ಲಿ ಹೀಗೆ ಬರೆದಿದ್ದೀರಿ: "ಹೊಳೆಯಾಚೆ ಹೋದ ಗಂಡನಿಗಾಗಿ ಕಾದು ಕಾದು ದಡದಲ್ಲೇ ಪ್ರಾಣಬಿಡುವ ಹೆಂಗಸಿನ ಕತೆ. ಸಭಾಂಗಣ ಪೂರ್ತಿ ಕತ್ತಲಾಗಿರುತ್ತದೆ. ಅಳದವರು ಇಲ್ಲ. ಆದ್ದರಿಂದ ಹೊಸಬರಿಗೆ ತಕ್ಕುದಲ್ಲ."

ಮಾನ್ಯರೇ, ಪೂರ್ತಿ ಕತ್ತಲು, ಎಲ್ಲರೂ ಅಳುತ್ತಿರುತ್ತಾರೆ, ಯಾರೂ ಯಾರನ್ನೂ ನೋಡುವುದಿಲ್ಲ. ಇಂಥದೊಂದು ಸೌಕರ್ಯ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಏರ್ಪಾಡಾಗಿದೆ ಎಂದು ಓದಿದಾಗ ನನಗಾದ ನೆಮ್ಮದಿಯನ್ನು ಏನೆಂದು ಬರೆಯಲಿ. ತಾವು ಎಚ್ಚರಿಕೆಯೆಂದು ಬರೆದದ್ದನ್ನು ನಾನು ಆಮಂತ್ರಣವೆಂದು ಓದಿಕೊಂಡೆ. ಹಿಂದಿನ ಸಾಲಿನ ಮೂಲೆಯ ಕುರ್ಚಿಯೊಂದು ಸಿಕ್ಕಿದರೆ ಸಾಕು, ಬಾಕಿ ಕೆಲಸ ತೀರಿಸಿಕೊಂಡು ಮನೆಗೆ ಬಂದು ಮೊಸರಿಗೆ ಹೆಪ್ಪು ಹಾಕಬಹುದು ಎಂದುಕೊಂಡು ಪಾಸು ಕೇಳಲು ತಮ್ಮ ಸಹಾಯ ಕೇಂದ್ರದ ಶಾಮಿಯಾನಕ್ಕೆ ಬಂದೆ.

ಅಲ್ಲಿ ತಾವು ತೋರಿದ ಕಾಳಜಿಯನ್ನು ಈ ಜನ್ಮದಲ್ಲಿ ಮರೆಯಲಾರೆ. ತಮ್ಮ ಸ್ವಯಂಸೇವಕಿ ಧನುಶ್ರೀ ಎಂಬ ಹುಡುಗಿ, "ಮೊದ್ಲು ಯಾವ್ದಾದ್ರೂ ಬ್ಯಾಲೆ ನೋಡಿದ್ದೀರಾ ಆಂಟಿ" ಎಂದು ಕೇಳಿದಳು, ಇಲ್ಲವೆಂದೆ. ಸುಳ್ಳು ಹೇಳಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ಕಡೂರಿನ ಬ್ಯಾಲೆಯನ್ನು ಕೇಳುತ್ತಿದ್ದೇನೆಂದು ತಿಳಿದ ಕೂಡಲೇ ತಾವೇ ಒಳಗಿನಿಂದ ಎದ್ದು ಬಂದು, "ಅಮ್ಮ, ಮಗೂನ ಒಂದನೇ ಕ್ಲಾಸಿಗೆ ಸೇರಿಸ್ದೆ ನೇರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರ್ಸಕ್ಕಾಗುತ್ತಾ? ಮೊದ್ಲು ನಗೋದು, ಆಮೇಲೆ ಚಂದ ನೋಡೋದು, ಕಡೆಗೆ ಅಳೋದು. ಅದಕ್ಕೊಂದು ಕ್ರಮ ಐತೆ" ಎಂದಿರಿ. ಮನೆಯಲ್ಲಿ ಸಾವಾಗಿದೆ, ನಗುವ ಮನಸ್ಸಿಲ್ಲ ಎಂದು ನಾನು ಮೆಲ್ಲಗೆ ಹೇಳಿದ್ದಕ್ಕೆ, "ಹಂಗಾದ್ರೆ ನಿಮಗೆ ಕೋಡಂಗೀನೇ ಮೊದ್ಲು ಬರ್ಕೊಡ್ಬೇಕು" ಎಂದು, ಡಾಕ್ಟರು ಮಾತ್ರೆ ಬರೆದುಕೊಡುವಂತೆ ಅಜ್ಜಂಪುರದ ಪಾಸು ಬರೆದುಕೊಟ್ಟಿರಿ. ಅಜ್ಜಂಪುರದ್ದಕ್ಕೂ ತರೀಕೆರೆಯದ್ದಕ್ಕೂ ಠಸ್ಸೆ ಬಿದ್ದ ಮೇಲೆಯೇ ಕಡೂರಿನ ಪಾಸು ಕೊಡುವುದೆಂದೂ ತಿಳಿಸಿದಿರಿ. ಹಾಗಾಗಿ ನಾನು ನಮ್ಮೂರಿನಲ್ಲಿ ಅಳುವ ಅರ್ಹತೆ ಪಡೆಯುವುದಕ್ಕಾಗಿ ಅಜ್ಜಂಪುರದಲ್ಲಿ ನಕ್ಕು ಬರಲು ಬಸ್ಸು ಹತ್ತಿದೆ.

ಅಜ್ಜಂಪುರದ ಬಾಗಿಲಲ್ಲಿ ಧನುಶ್ರೀ ಹೆಂಗಸರಿಗೆಲ್ಲ ಕುಂಕುಮ, ಹೂವು, ಜೊತೆಗೊಂದು ಕೈಪಿಡಿ ಕೊಡುತ್ತಿದ್ದಳು. ನನ್ನ ಸರದಿ ಬಂದಾಗ ಮಗು ನನ್ನ ಹಣೆ ನೋಡಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಏನು ಮಾಡುವುದೆಂದು ತೋಚದೆ ಹೂವಿನ ಬದಲು ಇನ್ನೊಂದು ಕೈಪಿಡಿ ಕೊಟ್ಟಿತು. ಹೀಗೆ ಮುತ್ತೈದೆಯರಿಗೆ ಒಂದು ಕೈಪಿಡಿ ಸಿಕ್ಕರೆ ನನಗೆ ಎರಡು ಸಿಕ್ಕವು. ವಿಧವೆಯರ ತಿಳಿವಳಿಕೆಯ ಬಗ್ಗೆ ಇಷ್ಟು ಕಾಳಜಿ ವಹಿಸಿದ ಬೇರೆ ಸಂಸ್ಥೆಯನ್ನು ನಾನು ಕಂಡಿಲ್ಲ.

ಒಳಗೆ ದೀಪಗಳನ್ನು ಆರಿಸಿರಲಿಲ್ಲ. ಹೊಸಬರು ಆಟ ನಡೆಯುತ್ತಿರುವಾಗಲೇ ಕೈಪಿಡಿ ತೆರೆದು ಓದಿಕೊಳ್ಳಲಿ ಎಂಬುದು ತಮ್ಮ ಯೋಚನೆಯಾಗಿತ್ತು. ತಾವು ಪರದೆಯ ಪಕ್ಕ ಮೈಕು ಹಿಡಿದು, ಮಾತಿಲ್ಲದ ಬ್ಯಾಲೆಗೆ ಮಾತಿನ ಕೊರತೆಯಾಗದಂತೆ ನೋಡಿಕೊಂಡಿರಿ. "ಈಗ ಕೋಡಂಗಿ ಜಾರಿ ಬೀಳುವವನಿದ್ದಾನೆ, ಪ್ರೇಕ್ಷಕ ಮಹನೀಯರು ನಗಬಹುದು" ಎಂದು ತಾವು ಸೂಚನೆ ಕೊಟ್ಟ ಕೂಡಲೇ ಜನ ವಿಧೇಯರಾಗಿ ನಕ್ಕುಬಿಟ್ಟರು, ಆಮೇಲೆ ಅವನು ಬಿದ್ದಾಗ ಯಾರಲ್ಲೂ ನಗು ಉಳಿದಿರಲಿಲ್ಲ. ಆ ನಿಶ್ಶಬ್ದದಲ್ಲಿ ಕೋಡಂಗಿ ಬಿದ್ದಲ್ಲೇ ಕೂತು ನಮ್ಮನ್ನು ನೋಡಿದ. ಅಷ್ಟು ಒಳ್ಳೆಯ ಆಟಗಾರ ಅಷ್ಟು ಒಂಟಿಯಾದದ್ದನ್ನು ಕಂಡು ನಾನು ಸೆರಗಿನ ತುದಿ ಕಣ್ಣಿಗೆ ಒಯ್ದೆ. ಆದರೆ ಪಕ್ಕದಲ್ಲಿ ಕಣ್ಣಿಟ್ಟು ಕೂತಿದ್ದ ಧನುಶ್ರೀ, "ಆಂಟಿ, ಇದು ಕಾಮಿಡಿ" ಎಂದು ಕಿವಿಯಲ್ಲಿ ನೆನಪಿಸಿದ್ದರಿಂದ ಸಾವರಿಸಿಕೊಂಡೆ. ನಿಯಮ ನಿಯಮವೇ. ಹಾಸ್ಯದ ಬ್ಯಾಲೆಯಲ್ಲಿ ಅತ್ತು ಠಸ್ಸೆ ಕಳೆದುಕೊಳ್ಳುವುದಕ್ಕೆ ನಾನು ತಯಾರಿರಲಿಲ್ಲ.

ಮರುವಾರ ತರೀಕೆರೆ. ರಾಜಕುಮಾರಿ ತಪಸ್ಸು ಮಾಡಿ ಹೂವಾಗುವ ಕತೆಯಂತೆ, ನೋಡುವುದಕ್ಕೆ ನಿಜವಾಗಿಯೂ ಕಣ್ಣಿಗೆ ಹಬ್ಬವೇ. ಆ ಹುಡುಗಿ ಮೊಗ್ಗಾಗುವುದಕ್ಕೆಂದು ಮೈಯನ್ನೆಲ್ಲ ಮಡಿಚಿ, ತಲೆ ತಗ್ಗಿಸಿ, ಒಂದು ಕಾಲಿನ ತುದಿಯ ಮೇಲೆ ನಿಂತಳು. ಇನ್ನೇನು ಅರಳಬೇಕು, ಅಷ್ಟರಲ್ಲಿ ಶಾಮಿಯಾನದ ದಾನಿಗಳಾದ ಈರಭದ್ರಪ್ಪನವರು ಬೀರೂರಿನಲ್ಲಿ ರೈಲು ಹಿಡಿಯಬೇಕಾಗಿದೆಯೆಂದು ಗೊತ್ತಾಗಿ, ತಾವು ಸಂಗೀತ ನಿಲ್ಲಿಸಿ ಸನ್ಮಾನ ಸಮಾರಂಭ ಇಟ್ಟುಕೊಂಡಿರಿ. ಅವರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ. ಅವರ ತಮ್ಮನಿಗೆ ಹಾರ. ಹಾರ ಹಾಕಿದವರಿಗೆ ಹಾರ. ಮೊಗ್ಗು ಅಷ್ಟು ಹೊತ್ತೂ ಮೊಗ್ಗಾಗಿಯೇ ನಿಂತಿತ್ತು. ಮುಂದಿನ ಸಾಲಿನಲ್ಲಿದ್ದ ನನಗೆ ಅವಳ ಮೀನಖಂಡ ನಡುಗುತ್ತಿದ್ದುದು ಕಾಣುತ್ತಿತ್ತು. ಈರಭದ್ರಪ್ಪನವರು ಮೈಕು ತೆಗೆದುಕೊಂಡು, "ನಂಗೆ ಈ ಕುಣಿತ ಎಲ್ಲ ಅಷ್ಟಾಗಿ ತಿಳಿಯಾಕಿಲ್ಲ, ಆದ್ರೂ ರುದ್ರಮೂರ್ತಿ ಕರೆದ್ಮೇಲೆ ಇಲ್ಲ ಅನ್ನಕ್ಕಾಗ್ಲಿಲ್ಲ" ಎಂದು ಶುರುಮಾಡಿ, ತಮ್ಮ ತಂದೆಯವರ ಕಾಲದಿಂದ ಹೇಳಿಕೊಂಡು ಬಂದರು. ಕೊನೆಗೆ ಸಂಗೀತ ಹಾಕಿದಾಗ ಹುಡುಗಿ ಅರಳಿದಳು. ಅವಳು ಅರಳಿದ್ದಕ್ಕಿಂತ ಹೆಚ್ಚಾಗಿ ಕಾಲು ಊರಿದ್ದಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದೆವು.

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ತಮ್ಮ ಕ್ರಮದ ಬಗ್ಗೆಯೇ ಯೋಚಿಸುತ್ತಿದ್ದೆ. ಎಂಥ ದೂರದೃಷ್ಟಿ. ಬ್ಯಾಲೆ ನೋಡುವುದಕ್ಕೇ ಇಷ್ಟು ಮೆಟ್ಟಿಲು ಕಟ್ಟಿಕೊಡುವವರು, ಬದುಕಿನ ಬೇರೆ ಹೊಸ ಅನುಭವಗಳಿಗೂ ಇಂಥದೇ ಒಂದು ಉಪಸಮಿತಿ ಮಾಡಿದ್ದರೆ ನಮ್ಮಂಥವರು ಎಷ್ಟೋ ಉದ್ಧಾರವಾಗುತ್ತಿದ್ದೆವು. ಸಾವಿನ ವಿಷಯವನ್ನೇ ತೆಗೆದುಕೊಳ್ಳಿ. ಮೊದಲ ಸಲ ಸಾವು ನೋಡುವವರಿಗೆ ಆರಂಭದಲ್ಲಿ ದೂರದ ಊರಿನ, ಹೆಸರಷ್ಟೇ ಕೇಳಿರುವ ನೆಂಟರೊಬ್ಬರನ್ನು ಕೊಡುವುದು, ಅದಕ್ಕೆ ಹೊಂದಿಕೊಂಡ ಮೇಲೆ ವಯಸ್ಸಾದ ದೊಡ್ಡಪ್ಪನವರನ್ನು ಕೊಡುವುದು, ಎರಡಕ್ಕೂ ಠಸ್ಸೆ ಬಿದ್ದಿದೆಯೇ ಎಂದು ಪರೀಕ್ಷಿಸಿ, ಅಭ್ಯರ್ಥಿ ತಯಾರಾಗಿದ್ದಾಳೆಂದು ಖಾತ್ರಿಯಾದ ಮೇಲಷ್ಟೇ ಗಂಡನ ಸರದಿ ಇಟ್ಟುಕೊಳ್ಳುವುದು. ಹೀಗೊಂದು ಕೈಪಿಡಿ ಇಲ್ಲದ್ದರಿಂದ ನಾನು ಕಾರ್ತೀಕದ ಒಂದು ಬೆಳಗ್ಗೆ ತಿಂಡಿಯ ಡಬ್ಬಿ ತೊಳೆಯುತ್ತಿದ್ದವಳು ಯಾವ ಪೂರ್ವತಯಾರಿಯೂ ಇಲ್ಲದೆ ನೇರವಾಗಿ ಕೊನೆಯ ಹಂತಕ್ಕೆ ಹೋಗಿ ನಿಂತೆ. ನನ್ನನ್ನು ತಡೆದು, "ಅಮ್ಮ, ಇದು ಹೊಸಬರಿಗೆ ತಕ್ಕುದಲ್ಲ" ಎಂದು ಹೇಳುವ ಒಬ್ಬ ಸ್ವಯಂಸೇವಕರೂ ಅಂದು ನಮ್ಮ ಬೀದಿಯಲ್ಲಿ ಇರಲಿಲ್ಲ. ಮುಂದಿನ ವರ್ಷವಾದರೂ ತಾವು ಈ ಬಗ್ಗೆ ಮೇಲಿನವರೊಡನೆ ಮಾತಾಡಿ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ. ಮೇಲಿನವರೆಂದರೆ ಜಿಲ್ಲಾ ಸಮಿತಿಯವರಲ್ಲ ಎಂದು ತಮಗೆ ಅರ್ಥವಾಗಿರಬಹುದು.

ಇನ್ನು ಕಡೂರಿನ ಸಂಜೆಯ ವಿಚಾರ. ಎರಡು ಠಸ್ಸೆ ತೋರಿಸಿ ಪಡೆದ ಕಡೂರಿನ ಪಾಸನ್ನು ಕೈಯಲ್ಲಿ ಹಿಡಿದು, ಕೋಮಲಾಳಿಗೆ ಮಠದಲ್ಲಿ ಪ್ರವಚನವಿದೆಯೆಂದು ಹೇಳಿ, ಒಗೆದ ಕರವಸ್ತ್ರ ಎರಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊತ್ತಿಗೆ ಮುಂಚೆಯೇ ಬಂದೆ. ಹಿಂದಿನ ಸಾಲಿನ ಮೂಲೆಯ ಕುರ್ಚಿ ಹಿಡಿದು ಕೂತೂ ಆಗಿತ್ತು. ಅಲ್ಲಿಂದ ತಾವು ನನ್ನನ್ನು ಎಬ್ಬಿಸಿದಿರಿ. "ಎಲ್ಲ ಹಂತಾನೂ ಮುಗಿಸಿರೋದು ಮೂರು ತಾಲ್ಲೂಕಿಗೆ ನೀವೊಬ್ರೇ ಕಣಮ್ಮ, ನಿಮ್ಮನ್ನ ಮೂಲೇಲಿ ಕೂರ್ಸಿದ್ರೆ ಜನ ನಮಗೆ ಉಗೀತಾರೆ" ಎಂದು, ಕೈಹಿಡಿದು ತಂದು ಮೊದಲ ಸಾಲಿನ ಮಧ್ಯದ ಸೋಫಾದಲ್ಲಿ ಕೂರಿಸಿದಿರಿ. ಬ್ಯಾಲೆ ಮುಗಿದ ಮೇಲೆ 'ಆದರ್ಶ ಹೊಸ ಪ್ರೇಕ್ಷಕಿ' ಎಂದು ನನಗೆ ಸನ್ಮಾನವಿದೆಯೆಂದೂ, ಅಲ್ಲಿಯವರೆಗೆ ಮುಖ ಬಾಡಿಸಿಕೊಳ್ಳಬಾರದು, ಫೋಟೋದವರು ಬಂದಿದ್ದಾರೆಂದೂ ತಿಳಿಸಿದಿರಿ.

ಕೈಪಿಡಿಯಲ್ಲಿ ಪೂರ್ತಿ ಕತ್ತಲು ಎಂದು ಬರೆದದ್ದನ್ನು ತಾವು ಮರುಪರಿಶೀಲಿಸಿ, ಹೊಸಬರು ಹೆದರಬಹುದೆಂದು ಕಡೂರಿನಲ್ಲೂ ಎಲ್ಲ ಟ್ಯೂಬ್‌ಲೈಟುಗಳನ್ನು ಉರಿಸಿಯೇ ಇಟ್ಟಿದ್ದಿರಿ. ದುಃಖ ತಡೆಯಲಾರದವರಿಗೆ ಪೆಪ್ಪರಮೆಂಟು ಹಂಚುವ ಏರ್ಪಾಡಿತ್ತು. ಕತೆಯ ಕೊನೆಯಲ್ಲಿ ಗಂಡನನ್ನು ದೋಣಿಯಲ್ಲಿ ವಾಪಸು ಕರೆತರುವಂತೆ ಕಲಾವಿದರ ತಂಡದವರಿಗೆ ತಾವು ಮನವಿ ಮಾಡಿದ್ದಿರೆಂದೂ, ಅವರು ಒಪ್ಪದಿದ್ದಾಗ, ಹೆಂಗಸು ಸತ್ತ ಕೂಡಲೇ, "ಇದು ಕಲೆ ಮಾತ್ರ, ಕಲಾವಿದೆ ಕ್ಷೇಮವಾಗಿದ್ದಾರೆ" ಎಂದು ಮೈಕಿನಲ್ಲಿ ಪ್ರಕಟಿಸುವುದೆಂದು ರಾಜಿಯಾಯಿತೆಂದೂ ಧನುಶ್ರೀ ಹೇಳಿದಳು. ಇದನ್ನು ಕೇಳಿದ ಮೇಲೆ, ನಮ್ಮ ಯಜಮಾನರ ಅಂಗಡಿಯ ಮುಂದೆ ಅಂದು ಯಾರೂ ಹೀಗೊಂದು ಪ್ರಕಟಣೆ ಮಾಡಲಿಲ್ಲವಲ್ಲ ಎಂಬ ಸಣ್ಣ ಕೊರಗು ನನಗೆ ಹೊಸದಾಗಿ ಶುರುವಾಯಿತು.

ಬ್ಯಾಲೆ ಆರಂಭವಾಯಿತು. ಬಿಳಿ ಬಟ್ಟೆಯ ಆ ಹೆಂಗಸು ದಡದಲ್ಲಿ ನಿಂತು ಹೊಳೆಯ ಕಡೆ ಕೈಚಾಚಿದಳು. "ಈಗ ನಾಯಕಿ ಕಾಯುತ್ತಿದ್ದಾಳೆ" ಎಂದಿರಿ. ಅವಳು ನಾಲ್ಕು ಹೆಜ್ಜೆ ಹಿಂದೆ ಬಂದು ಮತ್ತೆ ಮುಂದೆ ಹೋದಳು. "ಇನ್ನೂ ಕಾಯುತ್ತಿದ್ದಾಳೆ" ಎಂದಿರಿ. ಮೇಲೆ ಟ್ಯೂಬ್‌ಲೈಟು, ಎದುರಿಗೆ ಫೋಟೋದವರು, ಪಕ್ಕದಲ್ಲಿ ಪೆಪ್ಪರಮೆಂಟು. ಉಪ್ಪಿನಕಾಯಿ ಹಾಕಲು ಒಣಗಿಸಿದ ಜಾಡಿಯ ಹಾಗೆ ಕಣ್ಣು ಒಣಗಿಸಿಕೊಂಡು ಕೂತಿದ್ದೆ. ಎರಡು ಶನಿವಾರ ಓಡಾಡಿದ್ದು ದಂಡವಾಯಿತು, ಇನ್ನು ಈ ಅಳು ನನ್ನ ಜೊತೆಗೇ ಮಣ್ಣಿಗೆ ಹೋಗುವುದೇ ಸರಿ ಎಂದುಕೊಂಡೆ.

ಅಷ್ಟರಲ್ಲಿ ಕರೆಂಟು ಹೋಯಿತು. ದೀಪ ಹೋಯಿತು, ಸಂಗೀತ ಹೋಯಿತು, ತಮ್ಮ ಮೈಕೂ ಹೋಯಿತು. ಇಂಥ ಸಂದರ್ಭಕ್ಕೆಂದೇ ತಾವು ತರಿಸಿದ್ದ ಜನರೇಟರಿನ ಕೀಲಿಯನ್ನು ಅದನ್ನು ನೋಡಿಕೊಳ್ಳುವ ವಿಜಯ್ ಎಂಬವರು ಜೇಬಿನಲ್ಲಿ ಇಟ್ಟುಕೊಂಡು ಎಗ್‌ರೈಸ್ ತಿನ್ನಲು ಹೋಗಿದ್ದರಂತೆ. ಜನ ಮೊಬೈಲು ಹೊತ್ತಿಸಿಕೊಂಡು ಗದ್ದಲ ಶುರುಮಾಡುವುದರಲ್ಲಿದ್ದರು. ವೇದಿಕೆಯಿಂದ ಸದ್ದು ಬಂತು. ಟಕ್, ಟಕ್, ಟಕ್. ಹುಡುಗಿ ನಿಲ್ಲಿಸಿರಲಿಲ್ಲ. ಗಟ್ಟಿ ಮೂತಿಯ ಆ ಬಟ್ಟೆಯ ಪಾದರಕ್ಷೆಯ ತುದಿ ಹಲಗೆಗೆ ತಾಗುತ್ತಿತ್ತು, ನಡುವೆ ಅವಳು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಆಗ ಹಿಂದಿನಿಂದ ಯಾರೋ ಅಜ್ಜಿ, ನನಗೆ ಗುರುತಿಲ್ಲ, ಚೌಳಹಿರಿಯೂರಿನ ಕಡೆಯವರಂತೆ, "ಏ, ಆರಿಸ್ರಲೇ ಬ್ಯಾಟ್ರಿಯ. ಅಲ್ಲೊಬ್ಳು ಸಾಯ್ತಾ ಅವ್ಳೆ, ನಿಮಗೆ ಮೊಬೈಲು" ಎಂದು ಗದರಿದರು. ಒಂದೊಂದಾಗಿ ಎಲ್ಲ ಬೆಳಕುಗಳೂ ಆರಿದವು. ಮೇಲಿನ ಕಿಟಕಿಗಳಿಂದ ಸಂಜೆಯ ಕೊನೆಯ ಮಬ್ಬು ಬೆಳಕಷ್ಟೇ ಬರುತ್ತಿತ್ತು. ಅದರಲ್ಲಿ ಒಂದು ಬಿಳಿ ಬಟ್ಟೆ ಹೋಗುವುದು, ಬರುವುದು, ನಿಲ್ಲುವುದು. ಆಮೇಲೆ ಟಕ್ ಎನ್ನುವ ಸದ್ದು ಅಪರೂಪವಾಯಿತು. ಆಮೇಲೆ ಇಲ್ಲವಾಯಿತು.

ನಾನು ಅತ್ತೆ. ಅದರ ವಿವರ ತಮಗೆ ಬೇಕಾಗಿಲ್ಲ, ಕರವಸ್ತ್ರ ಎರಡೂ ಸಾಲಲಿಲ್ಲ ಎಂದಷ್ಟೇ ತಿಳಿಸುತ್ತೇನೆ. ಯಾರೂ ನನಗೆ ನೀರು ತರಲಿಲ್ಲ, ಬುದ್ಧಿ ಹೇಳಲಿಲ್ಲ, ಯಾಕೆಂದು ಕೇಳಲಿಲ್ಲ. ಅಕ್ಕಪಕ್ಕದಲ್ಲಿಯೂ ಮೂಗು ಎಳೆಯುವ ಸದ್ದಿತ್ತು. ಒಬ್ಬೊಬ್ಬರಿಗೂ ಒಂದೊಂದು ಬಾಕಿ ಇತ್ತೋ ಏನೋ.

ವಿಜಯ್ ಬಂದು ಜನರೇಟರು ಹಾಕಿದ ಮೇಲೆ ತಾವು ಮಾಡಿದ ಮೊದಲ ಕೆಲಸವೆಂದರೆ ಮೈಕಿನಲ್ಲಿ ಕ್ಷಮೆ ಕೇಳಿದ್ದು. "ಆದ ಅಡಚಣೆಗೆ ಉಪಸಮಿತಿ ವಿಷಾದಿಸುತ್ತದೆ" ಎಂದಿರಿ. ಮಾನ್ಯರೇ, ನನ್ನ ದೂರು ಇರುವುದು ಇದೊಂದೇ ವಾಕ್ಯದ ಮೇಲೆ, ಇಷ್ಟು ದೂರ ಬರೆದದ್ದೆಲ್ಲ ಅದಕ್ಕೆ ಪೀಠಿಕೆ. ಮೂರು ಶನಿವಾರಗಳಲ್ಲಿ ತಮ್ಮ ಕಡೆಯಿಂದ ನನಗೆ ಆದ ಅಡಚಣೆಗಳಿಗೆ ಲೆಕ್ಕವಿಲ್ಲ, ಅವು ಯಾವುದಕ್ಕೂ ತಾವು ವಿಷಾದಿಸಲಿಲ್ಲ. ಅಡಚಣೆ ತಪ್ಪಿದ ಆ ಸ್ವಲ್ಪ ಹೊತ್ತಿಗೆ ಮಾತ್ರ ವಿಷಾದಿಸಿದಿರಿ. ದಯವಿಟ್ಟು ಆ ಕ್ಷಮೆಯನ್ನು ವಾಪಸು ಪಡೆಯಬೇಕು. ಮುಂದಿನ ಉತ್ಸವದಲ್ಲಿ ವಿಜಯ್ ಅವರನ್ನೇ ಮಾರ್ಗದರ್ಶನ ಉಪಸಮಿತಿಯ ಅಧ್ಯಕ್ಷರನ್ನಾಗಿ ಮಾಡಿ, ಪರದೆ ಏಳುವ ಹೊತ್ತಿಗೆ ಸರಿಯಾಗಿ ಅವರನ್ನು ಊಟಕ್ಕೆ ಕಳುಹಿಸಬೇಕು. ಎಗ್‌ರೈಸ್ ಆರಿದ್ದರೆ ಬಿಸಿ ಮಾಡಿಸಿ ಕೊಡಬೇಕು, ನಿಧಾನವಾಗಿ ತಿನ್ನಲಿ. ಸನ್ಮಾನವೆಂದು ತಾವು ನನಗೆ ಹೊದಿಸಿದ ಶಾಲನ್ನು ಅವರಿಗೇ ತಲುಪಿಸಿದ್ದೇನೆ. ಯಾಕೆಂದು ಅವರಿಗೆ ಅರ್ಥವಾಗಲಿಲ್ಲ, ಆದರೂ ಚಳಿಗಾಯಿತು ಎಂದು ತೆಗೆದುಕೊಂಡರು.

ಬ್ಯಾಲೆಗೆ ಹೊಸಬರಾದ ಯಾರಾದರೂ ಈ ಪತ್ರ ಓದುತ್ತಿದ್ದರೆ ಅವರಿಗೂ ಒಂದು ಮಾತು. ಯಾವುದನ್ನು ಮೊದಲು ನೋಡಬೇಕೆಂದು ಯಾರನ್ನೂ ಕೇಳಬೇಡಿ. ನಿಮಗೆ ಬೇಡವೆಂದು ಯಾವುದರ ಕೆಳಗೆ ದಪ್ಪಕ್ಷರದಲ್ಲಿ ಬರೆದಿದೆಯೋ ಅದಕ್ಕೆ ಹೋಗಿ, ಕರವಸ್ತ್ರ ಹೆಚ್ಚಿಗೆ ಇಟ್ಟುಕೊಳ್ಳಿ.

ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಂಡದ್ದಕ್ಕೆ ಕ್ಷಮೆಯಿರಲಿ. ಈ ಕ್ಷಮೆಯನ್ನು ತಾವು ಇಟ್ಟುಕೊಳ್ಳಬಹುದು.

ಎಲ್ಲ ಹಂತಗಳನ್ನೂ ಯಶಸ್ವಿಯಾಗಿ ಮುಗಿಸಿ ಇಂದಿಗೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,

ವಿಶಾಲಾಕ್ಷಮ್ಮ
ಕಡೂರು

ತಾ.ಕ.: ಕತ್ತಲಲ್ಲಿ ನನ್ನ ಪಕ್ಕದ ಜಾಗಕ್ಕೆ ಒಬ್ಬರು ತಡವರಿಸಿಕೊಂಡು ಬಂದು ಕೂತರು. "ಮೈಕಿಲ್ದೆ ನಿಂತ್ಕಂಡು ಏನ್ ಮಾಡ್ಲಿ ಕಣಮ್ಮ" ಎಂದರು. ಬ್ಯಾಲೆಗೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿಕೊಂಡೇ ಇಷ್ಟೂ ದಿನ ನಿಂತಿದ್ದರಂತೆ, ಇದುವರೆಗೆ ಒಂದನ್ನೂ ನೋಡಿರಲಿಲ್ಲವಂತೆ. ಹಲಗೆಯ ಮೇಲಿನ ಸದ್ದು ನಿಂತಾಗ ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, "ಸಾಯ್ತಾಳೆ ಅಂತ ಕೈಪಿಡೀಲಿ ನಾನೇ ಬರ್ದಿದ್ದೆ. ಹಿಂಗೆ ಅಂತ ಗೊತ್ತಿರ್ಲಿಲ್ಲ ಕಣಮ್ಮ" ಎಂದು ಬಿಕ್ಕಿದರು. ಕೈಪಿಡಿಯ ಪ್ರಕಾರ ಆ ಜಾಗದಲ್ಲಿ ಕೂರಲು ಅವರಿಗೆ ಅರ್ಹತೆ ಇರಲಿಲ್ಲವೆಂಬುದನ್ನು ನಾನು ಆಗ ಎತ್ತಲಿಲ್ಲ. ದೀಪ ಬರುವ ಮುಂಚೆ ಅವರು ಕೈಮುಗಿದು, "ಇದನ್ನ ಯಾರ ಹತ್ರಾನೂ ಹೇಳ್ಬ್ಯಾಡಿ" ಎಂದರು. ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಈ ಪತ್ರವನ್ನು ಅಚ್ಚಿಗೆ ತೆಗೆದುಕೊಂಡ ಪತ್ರಿಕೆಯವರೂ ಯಾರಿಗೂ ಹೇಳುವುದಿಲ್ಲವೆಂದು ಒಪ್ಪಿಕೊಂಡಿದ್ದಾರೆ.